ಐದು ಪೈಸೆ ಚೀಟಿ, ಕೋಟಿ ಜನರ ಗೋಳು

ಐದು ಪೈಸೆಗೆ ಈಗ ಏನು ಬರುತ್ತೆ ಸ್ವಾಮಿ? ಭಿಕ್ಷುಕನೂ ಮುಟ್ಟೋದಿಲ್ಲ. ಆದರೆ 1971ರ ನವೆಂಬರ್ 15ರಿಂದ ಲಕೋಟೆ ಅಂಚೆಗೆ ಹಾಕುವವರು ಮಾಮೂಲು ಚೀಟಿಯ ಜೊತೆಗೆ ಇನ್ನೊಂದು ಐದು ಪೈಸೆ ಚೀಟಿ ಅಂಟಿಸಲೇಬೇಕಾಯಿತು. ಅದು ನಿರಾಶ್ರಿತರ ನೆರವಿಗೆ. ರೈಲು ಟಿಕೀಟಿನ ಮೇಲೂ ತೆರಿಗೆ ಬಿತ್ತು. ಅಂಚೆಯ ಈ ವಸೂಲಿ ನಿಂತದ್ದು 1973ರ ಮಾರ್ಚ್ ಕೊನೆಗೆ.

ಇಷ್ಟೆಲ್ಲಾ ಯಾರಿಗಾಗಿ?

1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ತನ್ನದೇ ಪ್ರಜೆಗಳ ಮೇಲೆ ಗುಂಡು ಹಾರಿಸಿತು. ಪೂರ್ವ ಬಂಗಾಳದ ಹಳ್ಳಿಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿ ಗಡಿಯತ್ತ ಓಡಿದರು. ಡಿಸೆಂಬರ್ ಹೊತ್ತಿಗೆ ಭಾರತದಲ್ಲಿ ದಾಖಲಾದವರು ಸುಮಾರು 98 ಲಕ್ಷ 99 ಸಾವಿರ! ಪುಟ್ಟ ತ್ರಿಪುರಾದ ಜನಸಂಖ್ಯೆಯೇ ಆಗ ಹದಿನೈದೂವರೆ ಲಕ್ಷ. ಅಲ್ಲಿಗೆ ಬಂದ ನಿರಾಶ್ರಿತರು 14 ಲಕ್ಷ. ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಚರಂಡಿಗೆಂದು ತಂದಿಟ್ಟಿದ್ದ ಸಿಮೆಂಟ್ ಪೈಪುಗಳೊಳಗೇ ಸಂಸಾರ ಹೂಡಿದವರಿದ್ದರು.

ಉಪ್ಪು–ಗ್ಲೂಕೋಸ್ ನೀರು

ಮಳೆ ಬಿತ್ತು, ಕಾಲರಾ ಬಂತು. ಬನಗಾಂವ್ ಆಸ್ಪತ್ರೆಯ ನೆಲದ ಮೇಲೆಲ್ಲಾ ರೋಗಿಗಳು. ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಡಾ. ದಿಲೀಪ್ ಮಹಲನಬೀಸ್ ಒಂದು ಉಪಾಯ ಮಾಡಿದರು: ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಬೆರೆಸಿದ ನೀರನ್ನು ಮನೆಯವರೇ ರೋಗಿಗೆ ಕುಡಿಸಲಿ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಮೆಡಿಕಲ್ ಷಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಮೇಲೆ ಜಗತ್ತಿಗೆ ನಂಬಿಕೆ ಹುಟ್ಟಿಸಿದ್ದು ಇಂಥ ಶಿಬಿರಗಳೇ.

ಭಾರತ–ಪಾಕ್ ಯುದ್ಧ ನಡೆದದ್ದು 13 ದಿನ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ, ಇಲ್ಲಿ ಪಟಾಕಿ. 1972ರ ಫೆಬ್ರುವರಿ ಮುಗಿಯುವಷ್ಟರಲ್ಲಿ 90 ಲಕ್ಷಕ್ಕೂ ಹೆಚ್ಚು ಜನ ವಾಪಸಾದರು. ಕೈಯಲ್ಲಿ ಕೆಲವು ದಿನಗಳ ರೇಷನ್. ಊರಿಗೆ ಹೋಗಿ ನೋಡಿದರೆ ಎಷ್ಟೋ ಮಂದಿಗೆ ಮನೆಯ ಜಾಗದಲ್ಲಿ ಸಿಕ್ಕಿದ್ದು ಬರೀ ಬೂದಿ. ಎತ್ತಿಲ್ಲ, ಬಿತ್ತನೆ ಬೀಜ ಇಲ್ಲ. ಗೆದ್ದವರಿಗೂ ಸೋತವರಿಗೂ ಲೆಕ್ಕ ಮುಗಿದಿತ್ತು. ಇವರದು ಆಗ ಶುರು.

ನಮ್ಮ ಸಿಂಧನೂರಲ್ಲಿ

ಇದೆಲ್ಲಾ ದೂರದ ಕಥೆ ಅಂತೀರಾ? ಸಿಂಧನೂರು ಬಸ್ಸಿನಲ್ಲಿ ಓಡಾಡುವವರಿಗೆ ‘ಬಂಗಾಳಿ ಕ್ಯಾಂಪ್’ ಹೆಸರು ಹೊಸದಲ್ಲ. ಪೂರ್ವ ಬಂಗಾಳ ಬಿಟ್ಟು ಬಂದ ಕುಟುಂಬಗಳಿಗೆ ಸರಕಾರ ತುಂಗಭದ್ರಾ ಕಾಲುವೆ ಸೀಮೆಯಲ್ಲಿ ನೆಲೆ ಕೊಟ್ಟಿತು. ಇವರೆಲ್ಲಾ 71ರ ಯುದ್ಧಕ್ಕೇ ಓಡಿ ಬಂದವರಲ್ಲ. ಹಿಂದಿನ ಗಲಭೆಗಳಲ್ಲಿ ಮನೆ ಬಿಟ್ಟವರೂ ಇದ್ದಾರೆ. ಆದರೆ ಬಿಟ್ಟ ಮನೆ ಬಿಟ್ಟ ಮನೆಯೇ ತಾನೆ? ನೀರಿನ ನಾಡಿನಿಂದ ಬಂದವರು ಬಿಸಿಲ ನಾಡಿನಲ್ಲಿ ಭತ್ತ ಬೆಳೆದರು, ಪೇಟೆಯಲ್ಲಿ ಕನ್ನಡ ಕಲಿತರು, ದುರ್ಗಾಪೂಜೆ ಬಿಡಲಿಲ್ಲ.

ಆದರೂ ಪೌರತ್ವದ ಕಾಗದ ಎಲ್ಲರಿಗೂ ಸಿಕ್ಕಿರಲಿಲ್ಲ. ಇಲ್ಲಿನ ಕೆಲವರ ಕೈಗೆ ಅದು ಬಂದದ್ದು 2024ರಲ್ಲಿ! ಮನೆ ಹೋಗೋದು ಒಂದೇ ರಾತ್ರಿ. ‘ನಾನು ಇಲ್ಲಿಯವ’ ಅಂತ ಬರೆದುಕೊಡಿಸಿಕೊಳ್ಳೋಕೆ ಅರ್ಧ ಆಯುಷ್ಯ.

ಕ್ಯಾಂಪಿನವರು ಅಂಗಡಿಗೆ ಬಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ, ‘ನಿಮ್ಮ ಹಿರಿಯರ ಊರು ಯಾವುದು?’ ಅಂತ ಒಮ್ಮೆ ಕೇಳಿ ನೋಡಿ.