14 ಕಿಲೋ ಕಲ್ಲು, ಒಂದೂಕಾಲು ಕಿಲೋ ರೆಸಿನ್

ಹಾಸನದ ಕಡೆಯ ನಮ್ಮೂರ ಮನೆಯಲ್ಲಿ ಒಂದು ಒರಳುಕಲ್ಲಿದೆ. ಅದರ ಗುಂಡು 14 ಕಿಲೋ ತೂಗುತ್ತದೆ. ನಮ್ಮಜ್ಜಿಗೆ ಎಡಗೈ ರೂಢಿ. ನಲವತ್ತು ವರ್ಷ ಅದೇ ಕೈಯಲ್ಲಿ ದೋಸೆಹಿಟ್ಟು, ಚಟ್ನಿ, ಹುಳಿಯ ಖಾರ ರುಬ್ಬಿದ್ದರಿಂದ ಗುಂಡಿನ ತಲೆಯ ಒಂದು ಪಕ್ಕ ಮಾತ್ರ ಎಣ್ಣೆ ಸವರಿದಂತೆ ಕಪ್ಪಗೆ ಮಿನುಗುತ್ತದೆ. ಇನ್ನೊಂದು ಪಕ್ಕ ಇವತ್ತಿಗೂ ಒರಟು. ಬುಡದಲ್ಲಿ, ಕಲ್ಲು ನುಣುಪಾದಾಗಲೆಲ್ಲ ಉಳಿ ಹೊಡೆಸಿದ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿವೆ.

ಎರಡು ವರ್ಷದ ಹಿಂದೆ ಒಂದು ಸಿನಿಮಾ ತಂಡ ನನ್ನ ಹತ್ತಿರ ಕೇಳಿದ್ದು ಅಂಥದ್ದೇ ಗುಂಡು. ರುಬ್ಬುತ್ತ ಕೂತ ಹೆಂಗಸೊಬ್ಬಳು, ಮನೆಗೆ ನುಗ್ಗಿದವನನ್ನು ಕಂಡು ಗುಂಡನ್ನು ಎರಡೂ ಕೈಯಲ್ಲಿ ಎತ್ತಿ, ಕೆಳಗೆ ಬಿದ್ದ ಅವನ ಎದೆಯ ಮೇಲೆ ಹಾಕುವ ದೃಶ್ಯ. ನಾನು ಊರಿಗೆ ಹೋಗಿ ಅಜ್ಜಿಯ ಗುಂಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಬೆಂಗಳೂರಿಗೆ ತಂದೆ.

ಮೈಸೂರಿನಲ್ಲಿ ಶಿಲ್ಪಕಲೆ ಓದಿದ ನಾನು ಹದಿನಾರು ವರ್ಷದಿಂದ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಸಿನಿಮಾ, ಧಾರಾವಾಹಿಗಳಿಗೆ ವಸ್ತುಗಳ ನಕಲು ಮಾಡುತ್ತೇನೆ. ಸೆಟ್ಟಿನ ಭಾಷೆಯಲ್ಲಿ ಇವು ಡಮ್ಮಿ. ಅಸಲು ವಸ್ತುವೇ ಸಿಗುವಾಗ ಡಮ್ಮಿ ಏಕೆ ಎಂದು ಅನೇಕರು ಕೇಳುತ್ತಾರೆ. ಕೆಲವನ್ನು ಕಾನೂನೇ ಬಿಡುವುದಿಲ್ಲ. ಹಳೆಯ ಬಂಗಲೆಯ ಗೋಡೆಗೆ ಆನೆದಂತ, ಜಿಂಕೆಯ ಕೊಂಬು ಬೇಕೆಂದರೆ ಕೊಂಡು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಕೆಲವು ವಸ್ತು ಒಂದೇ ಇದ್ದರೆ ಸಾಲದು. ಪೌರಾಣಿಕ ಧಾರಾವಾಹಿಯಲ್ಲಿ ಭೀಮನ ಗದೆ ಮಧ್ಯದಲ್ಲಿ ಮುರಿದರೆ, ಅದೇ ಜಾಗದಲ್ಲಿ ಅದೇ ತಗ್ಗಿರುವ ಇನ್ನೊಂದು ಗದೆ ಮರುದಿನ ಬೆಳಗ್ಗೆ ಸಿದ್ಧವಿರಬೇಕು. ಎಲ್ಲಕ್ಕಿಂತ ದೊಡ್ಡ ಕಾರಣ ಜೀವ.

1995ರಲ್ಲಿ ‘ಓಂ’ ಚಿತ್ರ ಬಂದ ಮೇಲೆ ಲಾಂಗು ಎಂಬ ಉದ್ದನೆಯ ಮಚ್ಚು ನಮ್ಮ ಸಿನಿಮಾದ ಕೈ ಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಚಿತ್ರೀಕರಣದಲ್ಲಿ, ಅಂಚು ಮೊಂಡು ಮಾಡಿದೆ ಎಂದು ಹೇಳಿ ಕೊಟ್ಟ ಕಬ್ಬಿಣದ ಲಾಂಗು ಫೈಟರೊಬ್ಬರ ಬಲ ಮೊಣಕೈ ಸೀಳಿದ್ದನ್ನು ಕಣ್ಣಾರೆ ಕಂಡೆ. ಒಂಬತ್ತು ಹೊಲಿಗೆ. ಮಧ್ಯಾಹ್ನ ಅವರು ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನಲು ಒದ್ದಾಡುತ್ತಿದ್ದರು. ನಕಲಿಗೆ ಅಸಲಿನ ಸವೆತ ಬರಬೇಕು, ಅಸಲಿನ ಪೆಟ್ಟು ಬರಬಾರದು ಎಂಬುದು ಅವತ್ತು ನನಗೆ ತಿಳಿಯಿತು. ಆಮೇಲೆ ಕಲಿತದ್ದೆಲ್ಲ ಇದಕ್ಕೆ ಬೇಕಾದ ಕೈಚಳಕ.

ದೊಡ್ಡ ತಂಡಗಳು ಒಂದೇ ವಸ್ತುವನ್ನು ಹಲವು ಬಗೆಯಲ್ಲಿ ಮಾಡಿಸುತ್ತವೆ. ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ನ್ಯೂಜಿಲೆಂಡಿನ ವೆಟಾ ವರ್ಕ್‌ಶಾಪ್ ಹತ್ತಿರದ ಶಾಟ್‌ಗೆ ಉಕ್ಕಿನ ಕತ್ತಿ, ಕಾಳಗಕ್ಕೆ ಹಗುರವಾದ ಅಲ್ಯೂಮಿನಿಯಂ ಕತ್ತಿ, ಹಿಂದೆ ನಿಲ್ಲುವ ಸೈನಿಕರಿಗೆ ಯುರೆಥೇನ್ ರಬ್ಬರಿನ ಕತ್ತಿ ಮಾಡಿತ್ತು. ನಮ್ಮ ಗುಂಡಿಗೂ ಅದೇ ಲೆಕ್ಕ. ರುಬ್ಬುವಾಗ ಅಜ್ಜಿಯ ಕಲ್ಲು, ಎತ್ತುವಾಗ ರೆಸಿನ್, ಎದೆಗೆ ಬೀಳುವಾಗ ಫೋಮ್.

ಮೊದಲ ಕೆಲಸ ಅಚ್ಚು. ಗುಂಡನ್ನು ತೊಳೆದು ಒಣಗಿಸಿ, ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಸಿಲಿಕಾನ್ ಕಚ್ಚಿಕೊಳ್ಳದಂತೆ ಮೇಣ ತಿಕ್ಕಿ, ಅರ್ಧದವರೆಗೆ ಜೇಡಿಮಣ್ಣಿನಲ್ಲಿ ಹೂತೆವು. ಸುತ್ತಲಿನ ಮಣ್ಣಿನಲ್ಲಿ ಗೋಲಿ ಒತ್ತಿ ಕುಳಿ ಮಾಡಿದೆವು. ಅಚ್ಚಿನ ಎರಡು ಹೋಳು ಆಮೇಲೆ ಆಚೀಚೆ ಜರುಗದೆ ಕೂರುವುದು ಈ ಕುಳಿಗಳಿಂದ. ಸಿಲಿಕಾನ್ ರಬ್ಬರಿಗೆ ನೂರಕ್ಕೆ ಮೂರು ಪಾಲು ಗಟ್ಟಿಕಾರಕ ಬೆರೆಸಿ, ಮೊದಲ ಪದರವನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿದೆ. ದಪ್ಪಗೆ ಸುರಿದರೆ ಗಾಳಿ ಸಿಕ್ಕಿಕೊಂಡು, ಉಳಿಯ ಚುಕ್ಕೆ ಇರಬೇಕಾದ ಕಡೆ ಗುಳ್ಳೆ ಮೂಡುತ್ತದೆ. ಸಿಲಿಕಾನ್ ಮೆತ್ತಗಿರುವುದರಿಂದ ಆಕಾರ ಹಿಡಿಯಲು ಮೇಲೊಂದು ಫೈಬರ್ ಕವಚ. ರಾತ್ರಿ ಕಳೆದ ಮೇಲೆ ಮಗುಚಿ ಹಾಕಿ, ಅಂಚಿಗೆ ವ್ಯಾಸಲಿನ್ ಬಳಿದು ಇನ್ನರ್ಧ. ಸಿಲಿಕಾನಿಗೆ ಚೆನ್ನಾಗಿ ಅಂಟುವುದು ಸಿಲಿಕಾನ್ ಒಂದೇ. ವ್ಯಾಸಲಿನ್ ಮರೆತರೆ ಅಚ್ಚನ್ನು ಚಾಕುವಿನಿಂದ ಕೊಯ್ಯಬೇಕಾಗುತ್ತದೆ.

ಅಚ್ಚು ಬಿಡಿಸಿ ಬೆಳಕಿಗೆ ಹಿಡಿದಾಗ ಅಜ್ಜಿಯ ಅಂಗೈ ಆಡಿದ ಜಾಗ ಅದರೊಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸಿಲಿಕಾನ್ ಆಕಾರವನ್ನಷ್ಟೇ ಅಲ್ಲ, ನುಣುಪನ್ನೂ ಒರಟನ್ನೂ ಇದ್ದದ್ದು ಇದ್ದ ಹಾಗೆ ಎತ್ತಿಕೊಳ್ಳುತ್ತದೆ.

ಆಮೇಲೆ ಎರಕ. ನಾನು ಬಳಸುವ ಪಾಲಿಯುರೆಥೇನ್ ರೆಸಿನ್ ಎರಡು ಡಬ್ಬಿಯಲ್ಲಿ ಬರುತ್ತದೆ. ಸಮಸಮ ಬೆರೆಸಿದ ಕೂಡಲೇ ಒಳಗೆ ರಾಸಾಯನಿಕ ಕ್ರಿಯೆ ಶುರುವಾಗಿ ಬಿಸಿಯೇರುತ್ತದೆ. ಕೈಯಲ್ಲಿರುವುದು ಮೂರು ನಿಮಿಷ. ಅಷ್ಟರೊಳಗೆ ಕಲಸಿ, ಅಚ್ಚಿಗೆ ಹೊಯ್ದು, ಒಳಗೋಡೆಗೆಲ್ಲ ತಾಗುವಂತೆ ಅಚ್ಚನ್ನು ನಿಧಾನಕ್ಕೆ ಹೊರಳಿಸುತ್ತಿರಬೇಕು. ಹೀಗೆ ನಾಲ್ಕು ಸುತ್ತು ಹೊಯ್ದರೆ ತೆಂಗಿನ ಚಿಪ್ಪಿನಂಥ ಗಟ್ಟಿ ಕವಚ ಕಟ್ಟುತ್ತದೆ, ಒಳಗೆ ಟೊಳ್ಳು. ಅರ್ಧ ಗಂಟೆಯಲ್ಲಿ ಅಚ್ಚು ಬಿಡಿಸಬಹುದು.

ಆದರೆ ಮೊದಲ ಎರಕ ಕೆಟ್ಟಿತು. ಜುಲೈ ತಿಂಗಳು, ಎರಡು ದಿನದಿಂದ ಜಡಿಮಳೆ. ಹಿಂದಿನ ಸಂಜೆ ಡಬ್ಬಿಯ ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ರೆಸಿನ್ನಿನ ಒಂದು ಭಾಗ ಐಸೊಸೈನೇಟ್. ಅದಕ್ಕೆ ತೇವ ತಗುಲಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಹುದುಗಿದ ಹಿಟ್ಟಿನಂತೆ ಉಬ್ಬುತ್ತದೆ. “ಅಕ್ಕಾ, ಗುಂಡು ಹೋಗಿ ಇಡ್ಲಿ ಆಯ್ತು” ಎಂದ ನನ್ನ ಸಹಾಯಕ. ಎರಡು ಕಿಲೋ ರೆಸಿನ್ ವ್ಯರ್ಥ. ಒಮ್ಮೆ ಗಟ್ಟಿಯಾದ ರೆಸಿನ್ನನ್ನು ಲೋಹದಂತೆ ಕರಗಿಸಿ ಮತ್ತೆ ಹೊಯ್ಯಲಾಗದು, ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಅದಕ್ಕೇ ನಾನು ಹಳೆಯ ಡಮ್ಮಿಗಳನ್ನು ಎಸೆಯದೆ ಬಾಡಿಗೆಗೆ ಕೊಡುತ್ತೇನೆ, ಕೆಟ್ಟ ಎರಕಗಳನ್ನು ಪುಡಿ ಮಾಡಿ ಹೊಸದರ ಒಳಗೆ ತುಂಬುತ್ತೇನೆ.

ಎರಡನೆಯದು ಚೆನ್ನಾಗಿ ಬಂತು. ತೂಕ ಒಂದೂಕಾಲು ಕಿಲೋ. ಕಲಾವಿದೆ ಬಂದು ಎತ್ತಿ ನೋಡಿದರು. ತುಂಬಿದ ಕೊಡದ ಬದಲು ಖಾಲಿ ಕೊಡ ಎತ್ತಿದ ಹಾಗೆ ಕೈ ಮೇಲಕ್ಕೆ ಹಾರಿತು. ಎಷ್ಟು ಒಳ್ಳೆಯ ನಟಿಯಾದರೂ ಇಲ್ಲದ ಭಾರವನ್ನು ಭುಜ, ಕತ್ತಿನ ನರ, ಉಸಿರು ಮೂರರಲ್ಲೂ ಒಟ್ಟಿಗೆ ತೋರಿಸುವುದು ಕಷ್ಟ. ಟೊಳ್ಳಿಗೆ ಮರಳು ತುಂಬಿ ನಾಲ್ಕು ಕಿಲೋ ಮಾಡಿದೆ. ಅದು ಒಳಗೆ ಸರಸರ ಅನ್ನದಂತೆ ಮೇಲೆ ರೆಸಿನ್ ಹೊಯ್ದು ಕಟ್ಟಿಹಾಕಿದೆ. ಈ ಸಲ ಎತ್ತುವಾಗ ಅವರ ಸೊಂಟ ತಾನಾಗಿ ಬಾಗಿತು.

ಬಣ್ಣಕ್ಕೆ ಎರಡು ದಿನ ಹಿಡಿಯಿತು. ಕಡುಬೂದು ಬಣ್ಣದ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಕಪ್ಪು, ಬಿಳಿ ಹನಿಗಳನ್ನು ಸಿಡಿಸಿದರೆ ಕಲ್ಲಿನ ಕಣ ಕಾಣುತ್ತದೆ. ನೀರಾದ ಕಂದು ಬಣ್ಣ ಬಳಿದು ತಕ್ಷಣ ಒರೆಸಿದರೆ ಅದು ತಗ್ಗಿನಲ್ಲಷ್ಟೇ ನಿಲ್ಲುತ್ತದೆ. ಅಂಗೈ ಆಡಿದ ಪಕ್ಕಕ್ಕೆ ಮಾತ್ರ ನಯವಾದ ವಾಟರ್ ಪೇಪರ್ ತಿಕ್ಕಿ ಮೇಣ ಹಚ್ಚಿದೆ. ಕೊನೆಗೆ ಬುಡದ ಚುಕ್ಕೆಗಳ ಸಂದಿಗೆ ಅಕ್ಕಿಹಿಟ್ಟಿನ ಬಿಳುಪು. ಎಷ್ಟು ತೊಳೆದರೂ ಒರಳಿನಿಂದ ಹೋಗದ ಬಿಳುಪು ಅದು.

ಇಷ್ಟು ಓದಿ ಮನೆಯಲ್ಲೇ ರೆಸಿನ್ ಕಲಸಲು ಹೊರಡುವವರಿಗೆ ಕೈಮುಗಿದು ಒಂದು ಮಾತು. ಐಸೊಸೈನೇಟಿನ ಆವಿ ಶ್ವಾಸಕೋಶಕ್ಕೆ ಹೊಕ್ಕರೆ ಉಬ್ಬಸ ಹಿಡಿಸಬಲ್ಲದು. ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಇರುವ ಫಿಲ್ಟರ್ ಮಾಸ್ಕು, ನೈಟ್ರೈಲ್ ಕೈಗವಸು, ಗಾಳಿಯಾಡುವ ಜಾಗ ಬೇಕೇ ಬೇಕು. ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ನಿಗೆ ಹಾಕುವ ಕೋಬಾಲ್ಟನ್ನೂ ಗಟ್ಟಿಕಾರಕವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಸಣ್ಣ ಶೆಡ್ಡುಗಳಲ್ಲಿ ಹುಡುಗರು ಬರಿಗೈಯಲ್ಲಿ ಫೈಬರ್ ಬಳಿಯುವುದನ್ನು ಕಂಡಾಗ ಹೊಟ್ಟೆ ಚುರ್ ಅನ್ನುತ್ತದೆ. ಪರದೆಯ ಮೇಲಿನವರ ಜೀವ ಉಳಿಸಲು ಮಾಡುವ ವಸ್ತು ಮಾಡುವವರ ಜೀವ ತಿನ್ನಬಾರದು.

ಮೂರನೆಯ ಗುಂಡು ಅದೇ ಅಚ್ಚಿನಲ್ಲಿ ಹುಟ್ಟಿತು. ಒಳಗೆ ಲ್ಯಾಟೆಕ್ಸಿನ ಚರ್ಮ ಬಳಿದು, ಅದು ಒಣಗಿದ ಮೇಲೆ ಮೆತ್ತನೆಯ ಫೋಮ್ ಹೊಯ್ದೆವು. ಮೇಲಿನ ಬಣ್ಣಕ್ಕೂ ಲ್ಯಾಟೆಕ್ಸ್ ಬೆರೆಸಿದೆವು, ಒತ್ತಿದಾಗ ಬಿರುಕು ಬಿಡಬಾರದಲ್ಲ. ಮುಗಿದಾಗ ನಾನೂರು ಗ್ರಾಂ.

ಚಿತ್ರೀಕರಣದ ದಿನ ಕ್ಯಾಮೆರಾದ ಹಿಂದೆ ನಿಂತಿದ್ದೆ. ಕಲಾವಿದೆ ರೆಸಿನ್ ಗುಂಡನ್ನು ಎತ್ತಿದರು, ಕತ್ತಿನ ನರ ಉಬ್ಬಿತು, ಕಟ್. ಕೈಗೆ ಫೋಮ್ ಗುಂಡು ಬಂತು. ಅದು ಎದೆಗೆ ಬಿದ್ದಾಗ ಫೈಟರ್ ಕಾಲು ಝಾಡಿಸಿ, ಕಣ್ಣು ತೇಲಿಸಿ ಅಲುಗಾಡದೆ ಮಲಗಿದರು. ಮತ್ತೆ ಕಟ್. ಅವರು ಎದ್ದು ಅಂಗಿಯ ಧೂಳು ಕೊಡವಿಕೊಂಡರು. “ಮೇಡಂ, ಕೈ ಬೀಳೋದು ಸ್ವಲ್ಪ ಬೇಗ ಆಯ್ತು. ಇನ್ನೊಂದು ಟೇಕ್ ತಗೊಳ್ಳೋಣ” ಎಂದು ಮತ್ತೆ ಅದೇ ಜಾಗದಲ್ಲಿ ಮಲಗಿದರು. ಅವತ್ತು ಆ ಗುಂಡು ಅವರ ಎದೆಯ ಮೇಲೆ ಆರು ಸಲ ಬಿತ್ತು.