ಹಣ ಹಾಕಿದವರು, ಆಟ ಕಟ್ಟಿದವರು

ಬೈಲಹೊಂಗಲ, ಸವದತ್ತಿ ಸೀಮೆಯ ಜಾತ್ರೆಗಳಲ್ಲಿ ಸಣ್ಣಾಟ ಎಂಬ ಜಾನಪದ ಹಾಡುನಾಟಕ ನೋಡಿದವರಿಗೆ ಆಯೇರಿ ಗೊತ್ತು. ಹಾಡು ರಂಗೇರಿದಾಗ ಯಾರೋ ಎದ್ದು ಬಂದು ಪಾತ್ರಧಾರಿಯ ಕೈಗೆ ನೋಟು ಕೊಡುತ್ತಾರೆ. ಆಟ ಗಳಿಗೆ ಹೊತ್ತು ನಿಲ್ಲುತ್ತದೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿ ಮತ್ತೆ ಹಾರ್ಮೋನಿಯಂ ಹಿಡಿಯುತ್ತಾರೆ. ಬೈಲಹೊಂಗಲದ ಘಟನೆಯಿಂದಲೇ ಹುಟ್ಟಿದ ‘ಸಂಗ್ಯಾ ಬಾಳ್ಯಾ’ದಲ್ಲಿ ಎಷ್ಟೇ ಆಯೇರಿ ಬಿದ್ದರೂ ಸಂಗ್ಯಾನ ಸಾವು ತಪ್ಪುವುದಿಲ್ಲ. ಕೊಟ್ಟವರಿಗೆ ಹೆಸರು, ಕಥೆ ಆಟದವರದು.

ಅಮೆರಿಕದ ಟಿ.ವಿ. ನಾಟಕ ಬೆಳೆದದ್ದೂ ದಾನಿಗಳ ದುಡ್ಡಿನಲ್ಲೇ. 1947ರ ಮೇ ತಿಂಗಳಲ್ಲಿ ಎನ್‌ಬಿಸಿಯಲ್ಲಿ ‘ಕ್ರಾಫ್ಟ್ ಟೆಲಿವಿಷನ್ ಥಿಯೇಟರ್’ ಶುರುವಾಯಿತು. ಚೀಸ್ ಕಂಪನಿಯ ಹೆಸರೇ ಕಾರ್ಯಕ್ರಮದ ಹೆಸರು. ವಾರಕ್ಕೊಂದು ಹೊಸ ನಾಟಕ, ಅದೂ ನೇರ ಪ್ರಸಾರ. ನಟ ಮಾತು ಮರೆತರೆ ನೋಡುಗರೆದುರೇ ಸಾವರಿಸಿಕೊಳ್ಳಬೇಕು. ಜಾಹೀರಾತಿನಲ್ಲಿ ಮುಖವಿಲ್ಲ, ತಿನಿಸು ತಯಾರಿಸುವ ಎರಡು ಕೈ, ಹಿಂದೊಂದು ದನಿ, ಅಷ್ಟೇ.

ಟೈರ್ ಕಂಪನಿ ಗುಡ್‌ಇಯರ್ ಪ್ರಾಯೋಜಿಸಿದ ಮಾಲಿಕೆಯಲ್ಲಿ 1953ರಲ್ಲಿ ಪ್ಯಾಡಿ ಚಾಯೆಫ್‌ಸ್ಕಿ ಬರೆದ ‘ಮಾರ್ಟಿ’ ಬಂತು. ಮದುವೆಯಾಗದ ಮಾಂಸದಂಗಡಿಯವನ ಈ ಕಥೆ ಮುಂದೆ ಸಿನಿಮಾ ಆಗಿ ಆಸ್ಕರ್ ಗೆದ್ದಿತು. ‘ಟ್ವೆಲ್ವ್ ಆಂಗ್ರಿ ಮೆನ್’ ಕೂಡ ಮೊದಲು 1954ರ ಟಿ.ವಿ. ನಾಟಕವೇ.

ಆದರೆ ಅಲ್ಲಿ ದಾನಿಯ ಕೈ ಕಥೆಯೊಳಗೂ ಚಾಚಿತು. 1959ರಲ್ಲಿ ನಾಜಿ ಅಪರಾಧಗಳ ವಿಚಾರಣೆ ಕುರಿತ ನಾಟಕಕ್ಕೆ ಅಡುಗೆ ಅನಿಲದ ಉದ್ಯಮಿಗಳ ಸಂಘವೂ ಪ್ರಾಯೋಜಕ. ಜನರನ್ನು ಕೊಂದ ‘ಗ್ಯಾಸ್’ ಕೋಣೆಗಳ ಮಾತು ಬಂದಾಗ ಆ ಪದದ ಸದ್ದನ್ನೇ ಅಡಗಿಸಿದರು. ತಮ್ಮ ಸರಕಿನ ಹೆಸರಿಗೆ ಕಳಂಕ ಬರಬಾರದಷ್ಟೇ!

ಆ ಅಮೆರಿಕದ ನಾಟಕಗಳಂತೆ ಕಂತಿಗೊಂದು ಪೂರ್ಣ ಕಥೆ ಹೇಳುವ ಕಲೆ ನಮ್ಮವರಿಗೂ ಒಲಿದಿತ್ತು. ಆರ್.ಕೆ. ನಾರಾಯಣ್ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿ, ‘ಮಾಲ್ಗುಡಿ ಡೇಸ್’ ಅನ್ನು 1986ರಲ್ಲಿ ದೂರದರ್ಶನಕ್ಕೆ ಕೊಟ್ಟರು. ಮೊದಲೇ ಚಿತ್ರೀಕರಿಸಿಟ್ಟದ್ದರಿಂದ ಅದು ಇಂದಿಗೂ ನೋಡಸಿಗುತ್ತದೆ.

ಅಮೆರಿಕದ ನೇರ ನಾಟಕಗಳಿಗೆ ಆ ಭಾಗ್ಯವಿರಲಿಲ್ಲ. ಟಿ.ವಿ. ಪರದೆಗೇ ಫಿಲ್ಮ್ ಕ್ಯಾಮೆರಾ ಹಿಡಿದು ತೆಗೆದ ಕೆಲವು ಮಸುಕು ಪ್ರತಿಗಳು ಉಳಿದವು, ಎಷ್ಟೋ ಅಳಿದವು. ‘ಟ್ವೆಲ್ವ್ ಆಂಗ್ರಿ ಮೆನ್’ನ ಪೂರ್ತಿ ಪ್ರತಿ ಸಿಕ್ಕಿದ್ದು 2003ರಲ್ಲಿ.

ನಮ್ಮ ಸಣ್ಣಾಟದ ಹಳೆಯ ಮೇಳಗಳದೂ ಇದೇ ಪಾಡು. ಹಾಡು ಬಲ್ಲ ಹಿರಿಯರು ಹೋದರೆ ಆಟವೂ ಹೋದಂತೆ. ಪೆಂಡಾಲು, ದೀಪಕ್ಕೆ ಪಟ್ಟಿ ಎತ್ತುವ ಜಾತ್ರಾ ಕಮಿಟಿಯವರು ಈ ಸಲ ಇಡೀ ಆಟದ ಧ್ವನಿ, ಚಿತ್ರ ದಾಖಲಿಸಲೂ ಒಬ್ಬ ದಾನಿಯನ್ನು ಹುಡುಕಲಿ. ಆ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿದರೂ ಅಡ್ಡಿಯಿಲ್ಲ.