ಸೀರಿಯಲ್‌ನಲ್ಲಿ ಸತ್ತವರಿಗಾಗಿ ಅತ್ತರೆ ಅದು ಹುಚ್ಚೇ?

"ಅದು ಸೀರಿಯಲ್ ಕಣಮ್ಮ, ಆಯಮ್ಮ ನಿಜವಾಗ್ಲೂ ಸತ್ತಿಲ್ಲ. ಬೇರೆ ಚಾನೆಲ್ ಹಾಕು, ಸೋಪಿನ ಜಾಹೀರಾತಲ್ಲಿ ನಗ್ತಾ ಇರ್ತಾಳೆ." ರಾತ್ರಿ ಟಿವಿ ಮುಂದೆ ಕಣ್ಣೊರೆಸಿಕೊಳ್ಳುವವರಿಗೆ ಮನೆಯವರಿಂದ ಸಿಗುವ ಸಮಾಧಾನ ಬಹುತೇಕ ಇಷ್ಟೇ. ದೆವ್ವದ ಧಾರಾವಾಹಿಯಾದರೆ ಮಾತು ಇನ್ನೂ ಮುಂದಕ್ಕೆ ಹೋಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ, ಅತ್ತು ನಿದ್ದೆಗೆಟ್ಟವಳನ್ನು ಕಂಡು "ಗಾಳಿ ಸೋಕಿರಬೇಕು, ಒಂದು ತಾಯ್ತ ಕಟ್ಟಿಸಿ" ಎನ್ನುವವರು ಈಗಲೂ ಇದ್ದಾರೆ. ಪಾವಗಡದಲ್ಲಿ ಇದೇ ಸಲಹೆ ತೆಲುಗಿನಲ್ಲೂ ಸಿಗುತ್ತದೆ.

ಅವಳಿಗೆ ಹುಚ್ಚೂ ಹಿಡಿದಿಲ್ಲ, ಗಾಳಿಯೂ ಸೋಕಿಲ್ಲ. ಹಾಗಾದರೆ ಆಗುತ್ತಿರುವುದೇನು?

ಟಿವಿ ಪರದೆಯ ಮೇಲಿನವರ ಜೊತೆ ನೋಡುಗರು ಬೆಳೆಸಿಕೊಳ್ಳುವ ಒಂದು ಕಡೆಯ ನಂಟಿಗೆ 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 'ಪ್ಯಾರಾಸೋಷಿಯಲ್' ಎಂಬ ಹೆಸರು ಕೊಟ್ಟರು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ಆದರೂ ನಂಟು ನಂಟೇ. ಲೆಕ್ಕ ಹಾಕಿ ನೋಡಿ: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದರೂ ವರ್ಷಕ್ಕೆ 130 ಗಂಟೆ. ಮದುವೆಯಾಗಿ ಬೆಂಗಳೂರು ಸೇರಿದ ಸ್ವಂತ ತಂಗಿಯ ಜೊತೆಗೂ ನಾವು ವರ್ಷಕ್ಕೆ ಅಷ್ಟು ಹೊತ್ತು ಕೂತಿರುವುದಿಲ್ಲ. ಇದು ನಟನೆ ಎಂಬ ತಿಳಿವಳಿಕೆ ತಲೆಯಲ್ಲಿ ಇದ್ದೇ ಇರುತ್ತದೆ. ಆದರೆ ಮುಖ, ದನಿ, ಅಳು ಇವುಗಳಿಗೆ ಮನಸ್ಸು ಮಿಡಿಯುವುದು ಆ ತಿಳಿವಳಿಕೆಯ ಅಪ್ಪಣೆಗೆ ಕಾಯುವುದಿಲ್ಲ.

ದೆವ್ವದ ಕಥೆಯಲ್ಲಿ ಇನ್ನೊಂದು ವಿಷಯವಿದೆ. ಕತ್ತಲ ಓಣಿ, ಗೆಜ್ಜೆ ಸದ್ದು, ತಾನಾಗಿಯೇ ತೆರೆದುಕೊಳ್ಳುವ ಬಾಗಿಲು. ಇದನ್ನೆಲ್ಲ ನೋಡುವಾಗ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ದೃಶ್ಯ ಮುಗಿದ ಕೂಡಲೇ ಮೈ ತಣ್ಣಗಾಗುವುದಿಲ್ಲ. ಆ ಕಾವು ಕೆಲವು ನಿಮಿಷ ಉಳಿದಿರುತ್ತದೆ. ಅಷ್ಟರಲ್ಲಿ ನೆಚ್ಚಿನ ಪಾತ್ರ ಸತ್ತರೆ, ಭಯದ ಉಳಿಕೆ ದುಃಖದ ಮೇಲೆ ಕೂತು ಅದನ್ನು ದುಪ್ಪಟ್ಟು ಮಾಡಿದಂತೆ ತೋರಿಸುತ್ತದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ ಇದನ್ನು ಉದ್ರೇಕದ ವರ್ಗಾವಣೆ ಎಂದು ವಿವರಿಸಿದರು. ಬರೀ ಅತ್ತೆ-ಸೊಸೆ ಧಾರಾವಾಹಿಯ ಸಾವಿಗಿಂತ ದೆವ್ವದ ಧಾರಾವಾಹಿಯ ಸಾವು ಜೋರಾಗಿ ತಟ್ಟಲು ಇದೂ ಒಂದು ಕಾರಣ. ಆಮೇಲೆ ಅದೇ ದೃಶ್ಯವನ್ನು ಮೆಲುಕು ಹಾಕುತ್ತಾ ಮಲಗಿದರೆ ಮೈ ಮತ್ತೆ ಎಚ್ಚರಗೊಳ್ಳುತ್ತದೆ. ನಿದ್ದೆ ಎಲ್ಲಿಂದ ಬರಬೇಕು?

ನಮ್ಮ ಧಾರಾವಾಹಿಗಳದ್ದೇ ಒಂದು ವಿಶೇಷವೂ ಇದೆ. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ 'ದಿ ವಾಕಿಂಗ್ ಡೆಡ್' ಸರಣಿಯಲ್ಲಿ ಗ್ಲೆನ್ ಎಂಬ ನೆಚ್ಚಿನ ಪಾತ್ರವನ್ನು ಕ್ರೂರವಾಗಿ ಕೊಂದಾಗ, ಬೇಸತ್ತು ನೋಡುವುದನ್ನೇ ಬಿಟ್ಟವರಿದ್ದರು. ಕನ್ನಡದಲ್ಲಿ ಸತ್ತವರು ಅಷ್ಟು ಸುಲಭಕ್ಕೆ ಹೋಗುವುದಿಲ್ಲ! ಜೀ ಕನ್ನಡದಲ್ಲಿ 2017ರಲ್ಲಿ ಶುರುವಾದ 'ಯಾರೇ ನೀ ಮೋಹಿನಿ'ಯಲ್ಲಿ ಸತ್ತ ಹೆಂಡತಿ ಆತ್ಮವಾಗಿ ಮನೆ ಕಾಯುತ್ತಾಳೆ. 2025ರಲ್ಲಿ ಬಂದ 'ನಾ ನಿನ್ನ ಬಿಡಲಾರೆ'ಯಲ್ಲಿ ಸತ್ತ ತಾಯಿ ಅಂಬಿಕಾ ಮಗಳಿಗೆ ಕಾವಲು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳಿಗೆ ಇದು ವಿಚಿತ್ರವೆನಿಸದು. ಸತ್ತವರ ಜೊತೆಗಿನ ನಂಟನ್ನು ಬೇರೊಂದು ರೂಪದಲ್ಲಿ ಉಳಿಸಿಕೊಳ್ಳುವುದು ಕಾಯಿಲೆಯಲ್ಲ ಎಂದು 1996ರ ಹೊತ್ತಿಗೆ ದುಃಖದ ಬಗ್ಗೆ ಅಧ್ಯಯನ ಮಾಡುವವರೂ ವಾದಿಸತೊಡಗಿದ್ದರು. ನನ್ನ ಅನಿಸಿಕೆ ಕೇಳಿದರೆ, ಅಂಬಿಕಾಳನ್ನು ನೋಡಿ ಅಳುವ ಹೆಂಗಸು ಎಷ್ಟೋ ಸಲ ಅಳುತ್ತಿರುವುದು ತನ್ನ ಅವ್ವನಿಗಾಗಿ. ಅವಳನ್ನು ಆಡಿಕೊಂಡು ನಗುವವರಿಗೆ ಅದು ಹೊಳೆಯುವುದಿಲ್ಲ.

ಈ ದುಃಖ ಎಷ್ಟು ದೊಡ್ಡದು? 'ಫ್ರೆಂಡ್ಸ್' ಎಂಬ ಹಾಸ್ಯ ಸರಣಿ 2004ರಲ್ಲಿ ಮುಗಿದಾಗ ಕೆರೆನ್ ಇಯಾಲ್ ಮತ್ತು ಜೊನಾಥನ್ ಕೋಹೆನ್ ಅದರ ನೋಡುಗರನ್ನು ಅಧ್ಯಯನ ಮಾಡಿದರು. ನೆಚ್ಚಿನ ಪಾತ್ರದ ಜೊತೆಗಿನ ನಂಟು ಗಟ್ಟಿಯಾದಷ್ಟೂ ಸಂಕಟ ಹೆಚ್ಚಿತ್ತು. ಒಂಟಿತನವೂ ಅದಕ್ಕೆ ಕೂಡಿಕೊಂಡಿತ್ತು. ಆದರೂ ಅದು ನಿಜಜೀವನದ ಅಗಲಿಕೆಯಷ್ಟು ತೀವ್ರವಾಗಿರಲಿಲ್ಲ. ಅಂದರೆ ದುಃಖ ನಿಜ, ಅಳತೆ ಚಿಕ್ಕದು.

ಒಂಟಿತನದ ಮಾತು ನಮ್ಮ ಸೀಮೆಗೆ ಮುಖ್ಯ. ಮೂಡಲಪಾಯ ಆಟದಲ್ಲಿ ರಾತ್ರಿಯಿಡೀ ಕೂತು ಅತ್ತ ಊರು ಇದೇ. ಶಿರಾ ಕಡೆ ಕಾಡುಗೊಲ್ಲರು ಗಣೆ ಊದುತ್ತಾ ಜುಂಜಪ್ಪನ ಕಥೆ ಹಾಡಿದಾಗ ಮನಸ್ಸು ಕಲಕಿದವರನ್ನು ಯಾರೂ ಗೇಲಿ ಮಾಡುವುದಿಲ್ಲ. ಅಲ್ಲಿ ಪಕ್ಕದಲ್ಲಿ ಕೂತವರ ಕಣ್ಣೂ ಒದ್ದೆ. ಈಗ ಮಗ ಮೊಬೈಲ್ ಹಿಡಿದು ಒಂದು ಮೂಲೆ, ಅಮ್ಮ ಟಿವಿ ಮುಂದೆ ಇನ್ನೊಂದು ಮೂಲೆ. ಸಮಾಜ ಒಪ್ಪದ ದುಃಖವನ್ನು ಬಚ್ಚಿಟ್ಟುಕೊಂಡು ಅನುಭವಿಸುವುದು ಹೆಚ್ಚು ಕಷ್ಟ ಎಂದು ಕೆನೆತ್ ಡೋಕಾ 1989ರಲ್ಲೇ ಬರೆದರು. ಅದಕ್ಕೇ "ಯಾಕಮ್ಮ, ಅಷ್ಟು ಇಷ್ಟ ಆಗಿದ್ಲಾ ಅವಳು?" ಎಂದು ಪಕ್ಕದಲ್ಲಿ ಕೂತು ಕೇಳುವುದು ಚಾನೆಲ್ ಬದಲಿಸುವುದಕ್ಕಿಂತ ಒಳ್ಳೆಯದು. ಮಲಗುವ ಮುಂಚೆ ಟಿವಿ ಆರಿಸಿ ಸ್ವಲ್ಪ ಹೊತ್ತು ಬೇರೆ ಮಾತಾಡಿದರೆ ಮೈಯ ಕಾವೂ ಇಳಿಯುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಇಂಥ ದೃಶ್ಯ ತೋರಿಸಲೇಬೇಡಿ. ಕಥೆ ಯಾವುದು, ನಿಜ ಯಾವುದು ಎಂಬ ಗೆರೆ ಅವರಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ.

ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇದೆಲ್ಲ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಕೆಲಸದಲ್ಲಿ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ ಅದು ಖಿನ್ನತೆಯಿರಬಹುದು. ಧಾರಾವಾಹಿ ಬರೀ ನೆಪ. ಬದುಕು ಬೇಡ ಎಂದವರ ವಿಷಯದಲ್ಲಂತೂ ಎರಡು ವಾರ ಕಾಯಬಾರದು, ಅವತ್ತೇ ನೆರವು ಕೇಳಬೇಕು. ಇಂಥವರನ್ನು ದೆವ್ವ ಬಿಡಿಸುತ್ತೇವೆ ಎನ್ನುವವರ ಹತ್ತಿರ ಕರೆದೊಯ್ದರೆ ಚಿಕಿತ್ಸೆ ತಡವಾಗುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಿ. ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ: ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಪಾವಗಡದವರಿಗೆ ತೆಲುಗೂ ಸಿಗುತ್ತದೆ.